ಹಾವಿನಂಥ ಮೀನು ಸಾಕಬೇಕಾ? ಮೊದಲ ಸಲಕ್ಕೆ ಯಾವುದು ಸರಿ

ನನ್ನ ಮೊದಲ ಹಾವುಮೀನು ನಮ್ಮ ಮನೆಯಲ್ಲಿ ಬದುಕಿದ್ದು 19 ದಿನ. 20ನೇ ದಿನ ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಒಣಗಿದ ಹುರುಳಿಕಾಯಿಯ ಹಾಗೆ ಬಿದ್ದಿತ್ತು. ಮಾರುವಾಗ ಅಂಗಡಿಯವನು, "ಫೈರ್ ಈಲ್ ಸಾರ್, ಇಷ್ಟೇ ಇರತ್ತೆ, ಏನು ಹಾಕಿದ್ರೂ ತಿನ್ನತ್ತೆ" ಅಂದಿದ್ದ. ಆಗ ಅದು 4 ಇಂಚು. ಕಂದು ಮೈ, ಅದರ ಮೇಲೆ ಕೆಂಡದಂಥ ಕೆಂಪು ಗೆರೆ. ನೋಡಿದ ಕೂಡಲೇ ಮರುಳಾದೆ. ಎರಡಡಿ ಟ್ಯಾಂಕಿಗೆ ತಂದು ಬಿಟ್ಟೆ. ಹಾಕಿದ ಕಾಳು, ಅಂದರೆ ಅಂಗಡಿಯ ಒಣ ಮೀನೂಟ, ಅದು ಮೂಸಿಯೂ ನೋಡಲಿಲ್ಲ. ಸತ್ತ ಮೇಲೆ ಕೂತು ಓದಿದೆ ನೋಡಿ, ಆಗ ಗೊತ್ತಾಯಿತು. ಅದು ಪೂರ್ತಿ ಬೆಳೆದರೆ ಹತ್ತಿರ ಹತ್ತಿರ 1 ಮೀಟರ್ ಆಗುವ ಮೀನು. ನಾನು ಹಸುವಿನ ಕರುವನ್ನು ಬೆಕ್ಕಿನಮರಿ ಅಂದುಕೊಂಡು ತಂದಿದ್ದೆ.

ಈಗ ಬರೆಯುತ್ತಿರುವುದು ಆ ತಪ್ಪನ್ನು ಇನ್ನೊಬ್ಬರು ಮಾಡದಿರಲಿ ಅಂತ. ಹಾವಿನ ಹಾಗೆ ಬಳುಕುವ ಮೀನಿನ ಮೇಲೆ ಆಸೆ ಇರುವವರು ಕಡಿಮೆ ಏನಿಲ್ಲ. ಆದರೆ ಅಂಗಡಿಯಲ್ಲಿ ಕಾಣುವ ಮರಿ ನೋಡಿ ಆರಿಸಿದರೆ ಹತ್ತರಲ್ಲಿ ಒಂಬತ್ತು ಸಲ ಎಡವುತ್ತೀರಿ. ನಿಮ್ಮ ಟ್ಯಾಂಕು ಎಷ್ಟು ದೊಡ್ಡದು, ನಿಮ್ಮ ಊರು ಎಷ್ಟು ಸೆಕೆ, ಹುಳು ಮುಟ್ಟಲು ನಿಮಗೆ ಅಸಹ್ಯ ಇದೆಯೋ ಇಲ್ಲವೋ, ಇವೇ ಮೂರು ಪ್ರಶ್ನೆ. ಮೀನು ಯಾವುದು ಅನ್ನುವುದು ಅದಾದ ಮೇಲೆ.

'ಈಲ್' ಅನ್ನುವ ಹೆಸರಿನ ಮೋಸ

ಅಂಗಡಿಯಲ್ಲಿ ಈಲ್ ಅಂತ ಮಾರುವ ಬಹುಪಾಲು ಮೀನುಗಳು ನಿಜವಾದ ಈಲ್ ಅಲ್ಲ. ನಿಜವಾದ ಈಲ್ ನಮ್ಮ ಹೊಳೆಗಳಲ್ಲೂ ಇದೆ. ಅದು ವರ್ಷಗಟ್ಟಲೆ ಸಿಹಿನೀರಿನಲ್ಲಿದ್ದು, ಮೊಟ್ಟೆ ಇಡಲು ಸಮುದ್ರಕ್ಕೆ ಹೋಗುತ್ತದೆ. ಮನೆಯ ಗಾಜಿನ ಪೆಟ್ಟಿಗೆಗೆ ಅದು ಆಗಿಬರುವುದಿಲ್ಲ. ಅಕ್ವೇರಿಯಂ ಅಂಗಡಿಗೆ ಬರುವವು ಬೇರೆ ಬೇರೆ ಮನೆತನದವು. ಕೂಲಿ ಲೋಚ್ ನಮ್ಮ ಗೆಂಡೆ ಮೀನಿನ ದೂರದ ನೆಂಟ. ಪೀಕಾಕ್ ಈಲ್, ಫೈರ್ ಈಲ್ ಇವು ಬೆನ್ನಿನ ಮೇಲೆ ಸಣ್ಣ ಮುಳ್ಳಿನ ಸಾಲಿರುವ ಸ್ಪೈನಿ ಈಲ್‌ಗಳು. ರೋಪ್ ಫಿಶ್ ಅಂತೂ ಡೈನೋಸಾರ್ ಕಾಲದ ಮನೆತನಕ್ಕೆ ಸೇರಿದ್ದು. ಮೈ ಉದ್ದ ಅನ್ನುವುದೊಂದು ಬಿಟ್ಟರೆ ಇವುಗಳ ನಡುವೆ ಸಾಮ್ಯ ಕಡಿಮೆ. ಊಟ ಬೇರೆ, ಬೇಕಾದ ನೀರು ಬೇರೆ, ಬೆಳೆಯುವ ಉದ್ದವೂ ಬೇರೆ. ಹಾಗಾಗಿ "ಈಲ್ ಸಾಕೋದು ಹೇಗೆ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಈಲ್ ಅಂತಲೇ ಕೇಳಬೇಕು.

ಮೀನಿಗಿಂತ ಮೊದಲು ಮರಳು, ಮುಚ್ಚಳ

ನಮ್ಮಲ್ಲಿ ಟ್ಯಾಂಕನ್ನು ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಪುಸ್ತಕಗಳು ಲೀಟರ್ ಲೆಕ್ಕ ಹೇಳುತ್ತವೆ. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. ಅಂದರೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಮಾಮೂಲಿ ಟ್ಯಾಂಕಿನಲ್ಲಿ ತುಂಬಿಸಿದರೂ 56 ಲೀಟರ್. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 190 ಲೀಟರ್. ನಾಲ್ಕಡಿಗೆ ಇದೇ ಅಗಲ ಎತ್ತರ ಹಿಡಿದರೆ 255. ಮರಳು, ಕಲ್ಲು ಹಾಕಿ, ಮೇಲೆ ಒಂದೆರಡು ಇಂಚು ಖಾಲಿ ಬಿಟ್ಟರೆ ಇದರಲ್ಲಿ ಹತ್ತಿಪ್ಪತ್ತು ಪರ್ಸೆಂಟ್ ಕಳೆಯಿರಿ. ಈ ಮೀನುಗಳೆಲ್ಲ ತಳದಲ್ಲೇ ಓಡಾಡುವವು. ಎತ್ತರದ ಟ್ಯಾಂಕು ನೋಡಲು ಚಂದ, ಇವಕ್ಕೆ ಉಪಯೋಗವಿಲ್ಲ. ನೆಲದ ಜಾಗ ಜಾಸ್ತಿ ಇರಬೇಕು, ಅಷ್ಟೇ.

ಮರಳಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇಲ್ಲೇ ಹೆಚ್ಚಿನವರು ಕೆಡುವುದು. ಇವುಗಳಲ್ಲಿ ಮುಕ್ಕಾಲು ಪಾಲು ಮೀನು ಹಗಲೆಲ್ಲ ಮರಳಿನೊಳಗೆ ಹೂತುಕೊಂಡು, ಮೂತಿ ಮಾತ್ರ ಹೊರಗಿಟ್ಟು ಮಲಗುತ್ತವೆ. ಮೈಮೇಲೆ ಗಟ್ಟಿ ಹುರುಪೆ ಇಲ್ಲ. ಇದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣದು. ಅಂಗಡಿಯಲ್ಲಿ ಕೊಡುವ ನೀಲಿ, ಹಳದಿ ಬಣ್ಣದ ಕಲ್ಲಿನ ಮೇಲೆ ಬಿಟ್ಟರೆ ಒಳಗೆ ನುಗ್ಗಲು ಹೋಗಿ ಮೈ ತರಚಿಕೊಳ್ಳುತ್ತವೆ. ತರಚಿದ ಕಡೆ ಬಿಳಿ ಬೂಸ್ಟು ಹಿಡಿಯುತ್ತದೆ. ಅಲ್ಲಿಂದ ಚೇತರಿಸಿಕೊಳ್ಳುವುದು ಕಷ್ಟ.

ಮರಳು ಅಂದಾಗ ಮನೆ ಕಟ್ಟುವ ಜಾಗದಿಂದ ಒಂದು ಬಕೆಟ್ ತುಂಬಿಕೊಂಡು ಬರೋಣ ಅನ್ನಿಸುತ್ತದೆ, ಅಲ್ವಾ? ಈಗ ಅಲ್ಲಿರುವುದು ಹೆಚ್ಚಾಗಿ ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿ ತಯಾರಿಸಿದ್ದು. ಅದರ ಒಂದೊಂದು ಕಣಕ್ಕೂ ಚೂಪು ಅಂಚು. ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿ, ಗೊತ್ತಾಗುತ್ತದೆ. ಹೊಳೆ ಮರಳು ಉರುಟಾಗಿರುತ್ತದೆ, ಜರಡಿ ಹಿಡಿದು ಹತ್ತು ಸಲ ತೊಳೆದರೆ ಅದೇ ಬೆಸ್ಟ್. ಅದು ಸಿಗದಿದ್ದರೆ ಈಜುಕೊಳದ ಫಿಲ್ಟರಿಗೆ ಹಾಕುವ ಮರಳು ಅಂತ ಕೇಳಿ. ಎರಡು ಇಂಚು ದಪ್ಪ ಸಾಕು.

ಇನ್ನು ಮುಚ್ಚಳ. ಇವು ತಪ್ಪಿಸಿಕೊಳ್ಳುವುದರಲ್ಲಿ ಪಂಟರು. ತಲೆ ತೂರುವಷ್ಟು ಸಂದಿ ಇದ್ದರೆ ಮೈ ಹಿಂದೆಯೇ ಬರುತ್ತದೆ. ನನ್ನ ಫೈರ್ ಈಲ್ ಹೋಗಿದ್ದು ಫಿಲ್ಟರಿನ ವಯರ್ ಒಳಗೆ ಬರುವ ಸಣ್ಣ ತೂತಿನಿಂದ. ಬೆರಳು ಕೂಡ ಸರಿಯಾಗಿ ತೂರದ ತೂತು. ಈಗ ಆ ತೂತುಗಳಿಗೆಲ್ಲ ಫಿಲ್ಟರ್ ಸ್ಪಂಜಿನ ತುಂಡು ತುರುಕಿದ್ದೇನೆ. ಸೊಳ್ಳೆಪರದೆಯ ಬಟ್ಟೆಯೂ ನಡೆಯುತ್ತದೆ.

ಟ್ಯಾಂಕು ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು 4ರಿಂದ 6 ವಾರ ಬೇಕು. ಈ ಮಾತು ಎಲ್ಲ ಮೀನಿಗೂ ಸರಿ, ಆದರೆ ಮೈಮೇಲೆ ಹುರುಪೆಯ ರಕ್ಷಣೆ ಇಲ್ಲದ ಇವಕ್ಕೆ ಎರಡು ಪಟ್ಟು ಸರಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ತುಂಬಿಸಿ.

ಕೂಲಿ ಲೋಚ್: ನನ್ನ ಮೊದಲ ಓಟು ಇದಕ್ಕೆ

ಹೆಸರು ಕೇಳಿ ನಾನು ಇದನ್ನು ಟ್ಯಾಂಕಿನಲ್ಲಿ ಕೂಲಿ ಮಾಡುವ ಮೀನು ಅಂದುಕೊಂಡಿದ್ದೆ. ನಗಬೇಡಿ, ಅಂಗಡಿಯವರೂ ಅದನ್ನೇ ಹೇಳಿ ಮಾರುತ್ತಾರೆ. "ತಳದ ಕೊಳೆ ಎಲ್ಲ ಕ್ಲೀನ್ ಮಾಡತ್ತೆ ಸಾರ್." ಹಾಗೇನೂ ಮಾಡುವುದಿಲ್ಲ. ಉಳಿದ ಕಾಳು ತಿನ್ನುತ್ತದೆ, ಪಾಚಿ ಮುಟ್ಟುವುದಿಲ್ಲ, ಇನ್ನೊಬ್ಬರ ಕೊಳೆಯನ್ನಂತೂ ಇಲ್ಲವೇ ಇಲ್ಲ. ಹೆಸರು ಬಂದಿದ್ದು ಹೈನ್ರಿಕ್ ಕೂಲ್ ಅನ್ನುವ ಜರ್ಮನ್ ಪ್ರಾಣಿತಜ್ಞನಿಂದ. ಪಾಪ, ಜಾವಾ ದ್ವೀಪಕ್ಕೆ ಪ್ರಾಣಿಗಳನ್ನು ಹುಡುಕಿಕೊಂಡು ಹೋದವನು 1821ರಲ್ಲಿ ಅಲ್ಲೇ ತೀರಿಕೊಂಡ. ಆಗ ಅವನ ವಯಸ್ಸು 23.

ಈ ಮೀನು ಬರುವುದೂ ಆ ಕಡೆಯಿಂದಲೇ. ಇಂಡೋನೇಷ್ಯಾ, ಮಲೇಷ್ಯಾದ ನಿಧಾನವಾಗಿ ಹರಿಯುವ, ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ತೊರೆಗಳು ಇದರ ಮನೆ. ಪೆನ್ಸಿಲಿಗಿಂತ ತೆಳ್ಳಗೆ, ಹಳದಿ ಮೈಗೆ ಕಂದು ಪಟ್ಟೆ, ಬಾಯಿಯ ಸುತ್ತ ಸಣ್ಣ ಮೀಸೆ. ಕಪ್ಪು ಬಣ್ಣದ ಇನ್ನೊಂದು ಜಾತಿಯೂ ಸಿಗುತ್ತದೆ. ಪೂರ್ತಿ ಬೆಳೆದರೂ 8ರಿಂದ 10 ಸೆಂ.ಮೀ. ಅಂದರೆ ಅಂಗಡಿಯಲ್ಲಿ ನೋಡಿದ್ದಕ್ಕೂ ಮನೆಯಲ್ಲಿ ಬೆಳೆದಿದ್ದಕ್ಕೂ ವ್ಯತ್ಯಾಸ ಕಡಿಮೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಯಾವುದಿದೆ? ಎರಡಡಿ ಟ್ಯಾಂಕಿನಲ್ಲಿ ಆರು ಕೂಲಿ ಲೋಚ್ ಆರಾಮಾಗಿ ಇರುತ್ತವೆ. ಚೆನ್ನಾಗಿ ನೋಡಿಕೊಂಡರೆ 10 ವರ್ಷ ಬದುಕುತ್ತವೆ.

ಒಂದೇ ಒಂದು ತರಬೇಡಿ. ಒಂಟಿ ಕೂಲಿ ಲೋಚ್ ಬಂದ ದಿನ ಕಲ್ಲಿನ ಕೆಳಗೆ ಹೋದರೆ ಮತ್ತೆ ನೀವು ಅದನ್ನು ನೋಡುವುದು ಟ್ಯಾಂಕ್ ಖಾಲಿ ಮಾಡುವಾಗಲೇ. ಐದಾರು ಇದ್ದರೆ ಧೈರ್ಯ ಬರುತ್ತದೆ. ಒಂದರ ಮೇಲೊಂದು ಬಿದ್ದುಕೊಂಡು, ಬಸ್ಸಿನ ಕೊನೇ ಸೀಟಿನಲ್ಲಿ ನಿದ್ದೆ ಹೋದವರ ಹಾಗೆ, ಒಂದೇ ತೆಂಗಿನ ಚಿಪ್ಪಿನೊಳಗೆ ಮಲಗುತ್ತವೆ. ಸಂಜೆ ಲೈಟ್ ಆರಿಸಿದ ಮೇಲೆ ಶುರು ಅವುಗಳ ಆಟ. ಮುಳುಗುವ ಕಾಳು ಹಾಕಿದರೆ ತಿನ್ನುತ್ತವೆ. ವಾರಕ್ಕೆ ಎರಡು ಸಲ ಬ್ಲಡ್‌ವರ್ಮ್ ಅನ್ನುವ ಸಣ್ಣ ಕೆಂಪು ಹುಳು ಕೊಟ್ಟರೆ ಹಬ್ಬ. ತೇಲುವ ಕಾಳು ಹಾಕಿದರೆ ಮೇಲಿನ ಮೀನುಗಳೇ ಮುಗಿಸಿಬಿಡುತ್ತವೆ, ಇವಕ್ಕೆ ಉಪವಾಸ. ಲೈಟ್ ಆರಿಸಿದ ಮೇಲೆ ಕೊಡುವುದು ಅದಕ್ಕೇ. ಜೊತೆಗೆ ಟೆಟ್ರಾ, ರಾಸ್ಬೋರಾ, ಗೌರಾಮಿ ಎಲ್ಲ ಸರಿ. ಸಿಕ್ಲಿಡ್ ಜಾತಿಯ ದೊಡ್ಡ ಮೀನು ಮಾತ್ರ ಬೇಡ, ಇದನ್ನು ಶಾವಿಗೆ ಅಂದುಕೊಂಡು ನುಂಗುತ್ತದೆ.

ಕೊರತೆ ಇಲ್ಲ ಅಂತಲ್ಲ. ಇವಕ್ಕೆ ಮೆದು ನೀರು ಇಷ್ಟ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಾದರೆ ತೊಂದರೆ ಇಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಬೋರ್ ನೀರಾದರೆ ಅರ್ಧ ಆರ್‌ಓ ನೀರು ಬೆರೆಸುವುದು ವಾಸಿ. ಬಿಸಿ 24ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರು, ಮಡಿಕೇರಿ ಕಡೆ ಹೀಟರ್ ಬೇಕಾಗುತ್ತದೆ. ಮಂಗಳೂರಿನವರಿಗೆ ಆ ಖರ್ಚು ಉಳಿಯುತ್ತದೆ.

ಈ ಕುಟುಂಬದ ಒಂದು ಸದಸ್ಯ ನಮ್ಮ ಜಿಲ್ಲೆಯಲ್ಲೇ ಇದೆ ಅಂತ ಗೊತ್ತಾದಾಗ ನನಗೆ ಖುಷಿಯೋ ಖುಷಿ. ಸುಬ್ರಹ್ಮಣ್ಯದ ಬಳಿ ಹರಿಯುವ ಕುಮಾರಧಾರಾ ಹೊಳೆಯ ಮರಳಿನಲ್ಲಿ ಸಿಕ್ಕ ಪಾಂಜಿಯೋ ಅಮ್ಮೋಫಿಲಾ. ವಿಜ್ಞಾನಕ್ಕೆ ಅದರ ಪರಿಚಯವಾಗಿದ್ದು 2012ರಲ್ಲಿ. ಹೆಸರಿನ ಅರ್ಥವೇ ಮರಳನ್ನು ಪ್ರೀತಿಸುವುದು ಅಂತ. ಪಕ್ಕದ ಕೇರಳದಲ್ಲಿ ಬಾವಿ ನೀರಿನಲ್ಲಿ ಸಿಕ್ಕ ಇನ್ನೊಂದಕ್ಕೆ 2019ರಲ್ಲಿ ಪಾಂಜಿಯೋ ಭುಜಿಯಾ ಅಂತ ಹೆಸರಿಟ್ಟರು. ನಾವು ತಿನ್ನುವ ಭುಜಿಯಾ ಸೇವಿನ ಹಾಗೆ ಇದೆ ಅಂತ! ಇವನ್ನು ಹುಡುಕಿಕೊಂಡು ಹೋಗಬೇಡಿ, ಇವು ಹೊಳೆಯಲ್ಲಿ, ಬಾವಿಯಲ್ಲಿ ಇರಬೇಕಾದವು. ಆದರೆ ಅಂಗಡಿಯ ಕೂಲಿ ಲೋಚ್ ನೋಡುವಾಗ, ಇದರ ದಾಯಾದಿ ನಮ್ಮೂರ ಮರಳಲ್ಲೂ ಮಲಗಿದೆ ಅನ್ನುವುದು ನೆನಪಾಗುತ್ತದೆ.

ವೆದರ್ ಲೋಚ್: ತಂಪು ಊರಿನವರಿಗೆ

ಡೋಜೋ ಲೋಚ್ ಅಂತಲೂ ಕರೆಯುತ್ತಾರೆ. ಚೀನಾ, ಕೊರಿಯಾ, ಜಪಾನಿನ ಗದ್ದೆ ಕೆಸರಿನ ಮೀನು. ಜಪಾನಿನಲ್ಲಿ ಇದರ ಸಾರು ಮಾಡಿ ತಿನ್ನುವ ಹಳೇ ಪದ್ಧತಿಯೇ ಇದೆ. ಮಳೆ ಬರುವ ಮೊದಲು ಗಾಳಿಯ ಒತ್ತಡ ಇಳಿದಾಗ ಇದು ಟ್ಯಾಂಕಿನ ತುಂಬ ಮೇಲೆ ಕೆಳಗೆ ಹುಚ್ಚು ಹಿಡಿದ ಹಾಗೆ ಓಡಾಡುತ್ತದೆ. ವೆದರ್ ಅನ್ನುವ ಹೆಸರು ಅದಕ್ಕೇ ಬಂತು.

ಸ್ವಭಾವ ನೋಡಿದರೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಮೀನು ಇಲ್ಲ. ಹಗಲಲ್ಲೂ ಹೊರಗೆ ಬರುತ್ತದೆ. ಕೈಯಿಂದ ಕಾಳು ತಿನ್ನುವಷ್ಟು ಪಳಗುತ್ತದೆ. ಊಟದಲ್ಲಿ ತಕರಾರು ಇಲ್ಲ. ನೀರಿನಲ್ಲಿ ಆಕ್ಸಿಜನ್ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಕರುಳಿನಿಂದ ಉಸಿರಾಡುತ್ತದೆ. ಕರೆಂಟ್ ಹೋದರೂ ಗಾಬರಿ ಇಲ್ಲ.

ಹಾಗಾದರೆ ಇದಕ್ಕೇ ಮೊದಲ ಓಟು ಯಾಕೆ ಕೊಡಲಿಲ್ಲ? ಸೆಕೆ. ಇದು ತಂಪು ನೀರಿನ ಮೀನು. 15ರಿಂದ 24 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಹೀಟರ್ ಇಲ್ಲದೆ ಸಾಕಬಹುದು. ಬೆಂಗಳೂರಿನಲ್ಲಿ ನೆಲಮಹಡಿಯ ತಂಪು ಮನೆಯಾದರೆ ಸರಿ, ಮೇಲ್ಛಾವಣಿಯ ಕೆಳಗಿನ ಮನೆಯಲ್ಲಿ ಏಪ್ರಿಲ್ ಕಳೆಯುವುದು ಕಷ್ಟ. ರಾಯಚೂರು, ಕಲಬುರಗಿ ಕಡೆಯವರು ಇದರ ಆಸೆ ಬಿಡಿ. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಹವಾಮಾನ ಸರಿಹೋಗುತ್ತದೆ. ಆದರೆ ಅಮೆರಿಕದ ಹಲವು ಕಡೆ ಇದು ಹೊಳೆ ಸೇರಿ ಉಪದ್ರವ ಆಗಿದೆ. ಕೆಲವು ರಾಜ್ಯಗಳಲ್ಲಿ ಸಾಕಲು ಬಿಡುವುದಿಲ್ಲ, ಮೊದಲು ವಿಚಾರಿಸಿ.

ಉದ್ದ 20 ಸೆಂ.ಮೀ. ದಾಟುತ್ತದೆ. ಮೂರು ನಾಲ್ಕು ಒಟ್ಟಿಗೆ ಸಾಕಬೇಕು. ಅಂದರೆ ಮೂರಡಿ ಟ್ಯಾಂಕು. ಜೊತೆಗೆ ಗೋಲ್ಡ್ ಫಿಶ್ ಇಡಬಹುದು, ಇಬ್ಬರಿಗೂ ತಂಪೇ ಇಷ್ಟ.

ಪೀಕಾಕ್ ಈಲ್: ಅಂದ ಇದೆ, ಊಟದ್ದೇ ಕಿರಿಕಿರಿ

"ಲೋಚ್ ಎಲ್ಲ ಹುಳು ಥರ ಕಾಣತ್ತೆ, ನಂಗೆ ನಿಜವಾದ ಈಲ್ ಥರದ್ದು ಬೇಕು" ಅನ್ನುವವರು ಬಂದು ನಿಲ್ಲುವುದು ಇಲ್ಲಿಗೆ. ಥಾಯ್ಲೆಂಡ್, ಕಾಂಬೋಡಿಯಾ ಕಡೆಯ ಮೀನು. ಬೆನ್ನಿನ ರೆಕ್ಕೆಯ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ಕಪ್ಪು ಚುಕ್ಕೆಗಳ ಸಾಲು. ಉದ್ದನೆಯ ಮೂತಿ ಆನೆಯ ಸೊಂಡಿಲಿನ ಹಾಗೆ ಅತ್ತಿತ್ತ ಆಡುತ್ತಿರುತ್ತದೆ. ಮರಳಿನೊಳಗಿಂದ ಆ ಮೂತಿ ಮತ್ತು ಎರಡು ಕಣ್ಣು ಮಾತ್ರ ಹೊರಗಿಟ್ಟು ನಿಮ್ಮನ್ನು ನೋಡುತ್ತದೆ. ಅದನ್ನು ಒಮ್ಮೆ ನೋಡಿದರೆ ಬೇರೆ ಮೀನು ಸಪ್ಪೆ ಅನ್ನಿಸುತ್ತದೆ, ನಿಜ.

20ರಿಂದ 30 ಸೆಂ.ಮೀ. ಬೆಳೆಯುತ್ತದೆ. ಮೂರಡಿಯ 190 ಲೀಟರ್ ಟ್ಯಾಂಕು ಕನಿಷ್ಠ. ಒಂಟಿಯಾಗಿ ಸಾಕಬಹುದು, ಬೇಸರ ಮಾಡಿಕೊಳ್ಳುವುದಿಲ್ಲ. ಗಪ್ಪಿ ಮರಿ, ಸಣ್ಣ ಸೀಗಡಿ ಇದ್ದರೆ ರಾತ್ರಿ ಕಾಣೆಯಾಗುತ್ತವೆ.

ತೊಂದರೆ ಇರುವುದು ಊಟದಲ್ಲಿ. ಕಾಳು ತಿನ್ನುವ ಪೀಕಾಕ್ ಈಲ್ ಅಪರೂಪ. ಅದಕ್ಕೆ ಹುಳು ಬೇಕು, ಬದುಕಿರುವ ಹುಳುವಾದರೆ ಇನ್ನೂ ಒಳ್ಳೆಯದು. ಅಂಗಡಿಗಳಲ್ಲಿ ಸಿಗುವ ಟ್ಯೂಬಿಫೆಕ್ಸ್ ಹುಳು ಚರಂಡಿ ಕೆಸರಿನಲ್ಲಿ ಬೆಳೆಯುವಂಥದ್ದು. ಅದರ ಜೊತೆಗೆ ರೋಗವನ್ನೂ ತರುವ ಭಯ ನನಗೆ. ಫ್ರೀಜರಿನಲ್ಲಿಟ್ಟ ಬ್ಲಡ್‌ವರ್ಮ್ ಕ್ಯೂಬ್ ಸುರಕ್ಷಿತ. ಆದರೆ ಮನೆಯ ಫ್ರೀಜರಿನಲ್ಲಿ ಐಸ್‌ಕ್ರೀಮ್ ಪಕ್ಕದಲ್ಲಿ ಹುಳು ಇಡಲು ಒಪ್ಪಿಗೆ ಸಿಗಬೇಕಲ್ಲ! ನಮ್ಮ ಮನೆಯಲ್ಲಿ ಆ ಮಾತುಕತೆ ಒಂದು ವಾರ ನಡೆಯಿತು. ಕೊನೆಗೆ ಎರಡು ಡಬ್ಬಿಯ ಒಳಗೆ ಇನ್ನೊಂದು ಡಬ್ಬಿ ಅನ್ನುವ ಷರತ್ತಿಗೆ ಒಪ್ಪಂದವಾಯಿತು.

ಎರೆಹುಳು ಇನ್ನೂ ಒಳ್ಳೆಯದು. ಇಲ್ಲೂ ಒಂದು ಸೂಕ್ಷ್ಮ ಇದೆ. ಎರೆಗೊಬ್ಬರದ ತೊಟ್ಟಿಯಲ್ಲಿ ಬೆಳೆಸುವ ಕೆಂಪು ಪಟ್ಟೆಯ ಹುಳು ಮುಟ್ಟಿದರೆ ಹಳದಿ ರಸ ಬಿಡುತ್ತದೆ. ಅದರ ವಾಸನೆ ಎಷ್ಟೋ ಮೀನಿಗೆ ಹಿಡಿಸುವುದಿಲ್ಲ. ತೋಟದ ಮಣ್ಣಿನಲ್ಲಿ ಸಿಗುವ ಮಾಮೂಲಿ ಎರೆಹುಳು ವಾಸಿ. ಗೊಬ್ಬರ, ಔಷಧಿ ಹೊಡೆಯದ ಜಾಗದ್ದಾಗಿರಬೇಕು. ತೊಳೆದು, ತುಂಡು ಮಾಡಿ, ಲೈಟ್ ಆರಿಸಿದ ಮೇಲೆ ಇಕ್ಕಳದಲ್ಲಿ ಹಿಡಿದು ಮೂತಿಯ ಹತ್ತಿರ ಕೊಡಿ. ಮೊದಲ ವಾರ ತಿನ್ನದಿದ್ದರೆ ಗಾಬರಿ ಬೇಡ. ಮೂರನೇ ವಾರಕ್ಕೂ ತಿನ್ನದಿದ್ದರೆ ಗಾಬರಿ ಆಗಲೇಬೇಕು. ಹುಳು ಮುಟ್ಟುವುದು ಆಗುವುದೇ ಇಲ್ಲ ಅನ್ನುವವರು ಈ ಮೀನನ್ನು ಇಲ್ಲಿಗೇ ಬಿಡಿ. ಹಸಿವಿನಿಂದ ಸಾಯಿಸುವುದಕ್ಕಿಂತ ಕೂಲಿ ಲೋಚ್ ಸಾಕುವುದು ಮೇಲು.

ಇದಕ್ಕೆ ನಮ್ಮ ದೇಶದ್ದೇ ಒಂದು ಬದಲಿ ಇದೆ. ಬಂಗಾಳ, ಅಸ್ಸಾಂ ಕಡೆಯ ಪಾಂಕಾಲ್. ಕಂದು ಮೈಗೆ ಸಣ್ಣ ಹಳದಿ ಚುಕ್ಕೆ. ನವಿಲುಕಣ್ಣು ಇಲ್ಲ, ಆದರೆ 18 ಸೆಂ.ಮೀ. ಮೇಲೆ ಬೆಳೆಯುವುದಿಲ್ಲ. ಅಂಗಡಿಯಲ್ಲಿ ಸುಮ್ನೆ 'ಸ್ಪೈನಿ ಈಲ್' ಅಂತ ಹೇಳಿ ಕೊಡುತ್ತಾರೆ. ನನ್ನನ್ನು ಕೇಳಿದರೆ ಪೀಕಾಕ್‌ಗಿಂತ ಇದೇ ಒಂದು ಕೈ ಮೇಲು. ಸೆಕೆ ತಡೆಯುತ್ತದೆ, ಜಾಗ ಕಡಿಮೆ ಸಾಕು. ಊಟದ ಕಿರಿಕಿರಿ ಮಾತ್ರ ಅದೇ. ತೊಂದರೆ ಏನೆಂದರೆ, ಮರಿ ಇರುವಾಗ ಇದನ್ನೂ ಇದರ ದೊಡ್ಡ ಜಾತಿಯ ನೆಂಟರನ್ನೂ ಗುರುತಿಸುವುದು ಹೊಸಬರಿಗೆ ಸುಲಭವಲ್ಲ. ಬೆನ್ನ ಮೇಲೆ ಟೈರ್ ಗುರುತಿನಂಥ ಅಂಕುಡೊಂಕು ಪಟ್ಟೆ ಕಂಡರೆ ಮುಟ್ಟಬೇಡಿ. ಅದು ಟೈರ್ ಟ್ರ್ಯಾಕ್ ಈಲ್. ಮುಕ್ಕಾಲು ಮೀಟರ್ ದಾಟುವ ಮೀನು.

ರೋಪ್ ಫಿಶ್: ಎರಡನೇ ಮೀನಾಗಿ ಸರಿ

ಪಶ್ಚಿಮ ಆಫ್ರಿಕಾದ ನೈಜೀರಿಯಾ, ಬೆನಿನ್ ಕಡೆಯ ಜೌಗು ಹೊಳೆಗಳಲ್ಲಿರುವ ಮೀನು. ಹಗ್ಗದಂಥ ಹಸಿರುಗಂದು ಮೈ, ಬೆನ್ನ ಮೇಲೆ ಗರಗಸದಂಥ ಸಣ್ಣ ರೆಕ್ಕೆಗಳು, ಗಟ್ಟಿ ಹುರುಪೆ. ಇದಕ್ಕೆ ಶ್ವಾಸಕೋಶ ಇದೆ! ಮೇಲೆ ಬಂದು ಗಾಳಿ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಟ್ಯಾಂಕಿನ ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿಯ ಜಾಗ ಬಿಡಬೇಕು.

ಊಟಕ್ಕೆ ಪೀಕಾಕ್‌ನಷ್ಟು ಹಟ ಇಲ್ಲ. ಸೀಗಡಿ ತುಂಡು, ಮೀನಿನ ತುಂಡು, ಎರೆಹುಳು ಎಲ್ಲ ನಡೆಯುತ್ತದೆ. ಸಾಧು ಪ್ರಾಣಿ. ಆದರೆ 30ರಿಂದ 40 ಸೆಂ.ಮೀ. ಆಗುತ್ತದೆ, ಎರಡು ಮೂರು ಜೊತೆಯಲ್ಲಿ ಸಾಕಬೇಕು, ನಾಲ್ಕಡಿ ಟ್ಯಾಂಕು ಬೇಕು. ತಪ್ಪಿಸಿಕೊಳ್ಳುವುದರಲ್ಲಿ ಉಳಿದವರಿಗೆಲ್ಲ ಗುರು ಇದು. ಮುಚ್ಚಳದ ಮೇಲೆ ಭಾರ ಇಡಬೇಕು. ಒಂದು ಸಮಾಧಾನ ಅಂದರೆ ಹೊರಗೆ ಬಿದ್ದರೂ ಮೈ ಒದ್ದೆ ಇರುವ ತನಕ ಬದುಕಿರುತ್ತದೆ, ಬೇಗ ಸಿಕ್ಕರೆ ಉಳಿಸಬಹುದು. ಒಂದು ವರ್ಷ ಕೂಲಿ ಲೋಚ್ ಸಾಕಿ, ಮನೆಯಲ್ಲಿ ದೊಡ್ಡ ಟ್ಯಾಂಕಿಗೆ ಜಾಗ ಆದ ಮೇಲೆ ಯೋಚನೆ ಮಾಡಿ.

ಇವು ಬೇಡ

ಫೈರ್ ಈಲ್ ಕಥೆ ಹೇಳಿಯಾಯಿತು. ಮೊರೆ ಅಂದರೆ ಸಮುದ್ರದ ಈಲ್‌ಗಳ ಒಂದು ಮನೆತನ. 'ಫ್ರೆಶ್ ವಾಟರ್ ಮೊರೆ' ಅಂತ ಮಾರುವ ಮೀನು ನಮ್ಮ ದೇಶದ ಅಳಿವೆಗಳದ್ದು, ಅದಕ್ಕೆ ಉಪ್ಪು ಬೆರೆತ ನೀರೇ ಬೇಕು. ಸಿಹಿನೀರಿನಲ್ಲಿ ಕೆಲವು ತಿಂಗಳು ಇರುತ್ತದೆ, ಆಮೇಲೆ ಊಟ ಬಿಡುತ್ತದೆ. ಡ್ರ್ಯಾಗನ್ ಗೋಬಿ ಅಂತ ಮಾರುವ ಉದ್ದ ಮೈಯ ಮೀನಿಗೂ ಉಪ್ಪು ಬೆರೆತ ನೀರೇ ಬೇಕು. ಸಮುದ್ರದ ಟ್ಯಾಂಕು ಇರುವವರಿಗೆ ಸ್ನೋಫ್ಲೇಕ್ ಮೊರೆ ಮೊದಲ ಮೊರೆಯಾಗಿ ಒಳ್ಳೆಯದೇ. ಆದರೆ ಸಮುದ್ರದ ಟ್ಯಾಂಕು ಇಟ್ಟವರನ್ನು ಹೊಸಬರು ಅನ್ನುವುದು ಹೇಗೆ?

ಮಲೆನಾಡಿನವರಿಗೆ ಇನ್ನೊಂದು ಮಾತು. ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವಾಗ ಹಾವುಮೀನೂ ಸಿಗುತ್ತದೆ. ನಾನೂ ಚಿಕ್ಕವನಿದ್ದಾಗ ಬಕೆಟ್ಟಿನಲ್ಲಿ ತಂದು ಇಟ್ಟಿದ್ದೇನೆ. ಬೆಳಿಗ್ಗೆ ಬಕೆಟ್ ಖಾಲಿ. ಅಜ್ಜಿ ಮಾತ್ರ ಎರಡು ದಿನ ಬಚ್ಚಲುಮನೆಗೆ ಕಾಲಿಡಲಿಲ್ಲ. ಹೊಳೆಯ ಹಾವುಮೀನು ಅರ್ಧ ಮೀಟರ್ ಮೇಲೆ ಬೆಳೆಯುತ್ತದೆ, ಟ್ಯಾಂಕಿಗೆ ಒಗ್ಗುವುದೂ ಇಲ್ಲ. ನೋಡಿ ಬಿಟ್ಟುಬಿಡಿ. ಅಂಗಡಿಯಿಂದ ತಂದ ಮೀನನ್ನು ಮಾತ್ರ ಸಾಕಲಾಗದೆ ಕೆರೆಗೆ ಬಿಡಬೇಡಿ. ಅಂಗಡಿಗೇ ವಾಪಸ್ ಕೊಡಿ, ಹೆಚ್ಚಿನವರು ತೆಗೆದುಕೊಳ್ಳುತ್ತಾರೆ.

ಹಾಗಾದರೆ ಯಾರಿಗೆ ಯಾವುದು?

ಎರಡಡಿ ಟ್ಯಾಂಕು, ಹುಳು ಮುಟ್ಟಲು ಮನಸ್ಸಿಲ್ಲ, ಆಗಲೇ ನಾಲ್ಕು ಟೆಟ್ರಾ ಇವೆ ಅನ್ನುವವರು ಆರು ಕೂಲಿ ಲೋಚ್ ತನ್ನಿ. ಬೇರೆ ಯೋಚನೆಯೇ ಬೇಡ. ಮಕ್ಕಳಿರುವ ಮನೆ, ಊರು ತಂಪು, ಮೂರಡಿ ಟ್ಯಾಂಕಿಗೆ ಜಾಗ ಇದೆ ಅನ್ನುವವರಿಗೆ ವೆದರ್ ಲೋಚ್. ಮಕ್ಕಳಿಗೆ ಹಗಲಲ್ಲಿ ಕಾಣುವ ಮೀನೇ ಬೇಕು. ರಾತ್ರಿ ಹತ್ತರ ಮೇಲೆ ಹೊರಬರುವ ಮೀನು ತೋರಿಸಿ "ನೋಡು ಪುಟ್ಟಾ" ಅಂದರೆ ಎರಡೇ ದಿನಕ್ಕೆ ಆಸಕ್ತಿ ಹೋಗುತ್ತದೆ. ಮೂರಡಿ ಟ್ಯಾಂಕು ಇದೆ, ಸೆಕೆಯ ಊರು, ಎರೆಹುಳು ಅಗೆದು ತರಲು ತಕರಾರಿಲ್ಲ ಅನ್ನುವವರಿಗೆ ಪಾಂಕಾಲ್, ಅದು ಸಿಗದಿದ್ದರೆ ಪೀಕಾಕ್. ತಿಂಗಳಿಗೆ ಹತ್ತು ದಿನ ಊರೂರು ತಿರುಗುವ ಕೆಲಸವಾದರೆ ಸ್ಪೈನಿ ಈಲ್ ಸಹವಾಸವೇ ಬೇಡ, ಪಕ್ಕದ ಮನೆಯವರು ಕಾಳು ಹಾಕುತ್ತಾರೆ, ಹುಳು ಹಾಕುವುದಿಲ್ಲ.

ಅಂಗಡಿಯಲ್ಲಿ ನಿಂತಾಗ

"ತಿನ್ನತ್ತೆ ಸಾರ್" ಅನ್ನುವ ಮಾತನ್ನು ನಂಬಬೇಡಿ. ಒಂದು ಚಿಟಿಕೆ ಹಾಕಿ ತೋರಿಸಲು ಹೇಳಿ. ಸ್ಪೈನಿ ಈಲ್ ಆದರೆ ನಿಮ್ಮ ಕಣ್ಣೆದುರು ತಿಂದ ಮೇಲೆಯೇ ದುಡ್ಡು ಕೊಡಿ. ಹೊಸ ಮಾಲು ಬಂದ ದಿನವೇ ಕೊಳ್ಳಬೇಡಿ. ವಾರ ಬಿಟ್ಟು ಹೋಗಿ, ಅಷ್ಟರಲ್ಲಿ ಸಾಯುವವು ಸತ್ತಿರುತ್ತವೆ, ಬದುಕುವವು ಗೊತ್ತಾಗುತ್ತವೆ. ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಮೈ ಸೊರಗಿ ತಲೆ ಮಾತ್ರ ದಪ್ಪ ಕಂಡರೆ ಅದು ಹಸಿದು ಬಹಳ ದಿನವಾಗಿದೆ. ಮೂತಿಯಲ್ಲಿ ತರಚು, ಮೈಮೇಲೆ ಬಿಳಿ ಮಚ್ಚೆ ಇದ್ದರೂ ಬೇಡ. ಆ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೆ ಉಳಿದದ್ದು ಎಷ್ಟೇ ಚಂದ ಇದ್ದರೂ ಹೊರಟುಬಿಡಿ.

ಮನೆಗೆ ತಂದ ಮೇಲೆ ರೋಗ ಬಂದರೆ ಔಷಧಿ ಶೀಶೆಯ ಮೇಲೆ ಬರೆದಷ್ಟು ಸುರಿಯಬೇಡಿ. ತಾಮ್ರ ಇರುವ ಔಷಧಿ, ಮ್ಯಾಲಕೈಟ್ ಗ್ರೀನ್ ಇವೆಲ್ಲ ಲೋಚ್‌ಗೂ ಸ್ಪೈನಿ ಈಲ್‌ಗೂ ಬೇಗ ತಗಲುತ್ತವೆ. ಅರ್ಧ ಪ್ರಮಾಣದಿಂದ ಶುರು ಮಾಡುವುದು ರೂಢಿ. ಉಪ್ಪು ಹಾಕುವಾಗಲೂ ಅಷ್ಟೇ, ಕೈ ಬಿಗಿ ಹಿಡಿಯಿರಿ. ಕೂಲಿ ಲೋಚ್‌ಗೆ ಬಿಳಿ ಚುಕ್ಕೆ ರೋಗ ಬಂದಾಗ ನಾನು ಔಷಧಿಗಿಂತ ಮೊದಲು ಹೀಟರನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿಯ ಪಂಪ್ ಜೋರು ಮಾಡುತ್ತೇನೆ.

ಫಿಲ್ಟರಿನ ನೀರೆಳೆಯುವ ಬಾಯಿಗೆ ಸ್ಪಂಜ್ ಹಾಕುವುದನ್ನು ಮರೆಯಬೇಡಿ. ನಾನು ಏಳು ಕೂಲಿ ಲೋಚ್ ತಂದಿದ್ದೆ. ರಾತ್ರಿ ಟಾರ್ಚಿಗೆ ಕೆಂಪು ಗಾಜಿನ ಕಾಗದ ಸುತ್ತಿ ಎಣಿಸುತ್ತಿದ್ದೆ, ಕೆಂಪು ಬೆಳಕಿಗೆ ಅವು ಹೆದರುವುದಿಲ್ಲ. ಮೂರು ವಾರ ಆರೇ ಸಿಕ್ಕವು. ಚಪ್ಪಲಿ ಸ್ಟ್ಯಾಂಡ್ ಎಳೆದು ನೋಡಿದೆ, ಫ್ರಿಜ್ಜಿನ ಕೆಳಗೆ ಪೊರಕೆ ಆಡಿಸಿದೆ. ಏಳನೆಯದು ಫಿಲ್ಟರ್ ತೊಳೆಯಲು ಬಿಚ್ಚಿದಾಗ ಸಿಕ್ಕಿತು. ಸ್ಪಂಜಿನ ಹಿಂದೆ, ಬಂದು ಬೀಳುವ ಕಾಳಿನ ಚೂರೆಲ್ಲ ತಿಂದು, ಉಳಿದ ಆರಕ್ಕಿಂತ ದಪ್ಪಗಾಗಿತ್ತು.